ಕರಿ ಕಾಯಿನ್ ಬಿದ್ದ ಸದ್ದು

ಹೋದ ಬೇಸಿಗೆಯ ಈ ಮಾತನ್ನು ನಯಾಜ ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ರಾಣೆಬೆನ್ನೂರಿನಲ್ಲಿ ಕೇರಂ ಆಟಕ್ಕೆ ಅವನ ಸರಿಸಾಟಿ ಯಾರೂ ಇರಲಿಲ್ಲ. ಆ ಮಧ್ಯಾಹ್ನ ಬ್ಯಾಡಗಿಯ ಫೈನಲ್‌ನಲ್ಲಿ ಅವನೆದುರು ಕೂತವನು ಗುಡ್ಡಪ್ಪ, ಸ್ಟ್ರೈಕರ್ ಹಿಡಿಯಲೂ ನೆಟ್ಟಗೆ ಬಾರದವನು. ಆದರೂ ಅವನು ಗುರಿ ತಪ್ಪಿ ಹೊಡೆದದ್ದೆಲ್ಲ ಪಾಕೆಟ್ಟಿಗೆ ಬೀಳುತ್ತಿತ್ತು. ನಯಾಜನ ನೇರ ಹೊಡೆತಗಳು ಅಂಚಿಗೆ ಹೋಗಿ ನಿಲ್ಲುತ್ತಿದ್ದವು. ಅಂಥ ಧಗೆಯಲ್ಲೂ ಬೋರ್ಡು ತಣ್ಣಗೆ ಕೊರೆಯುತ್ತಿತ್ತು.

"ಇದೆಂಥಾ ನಸೀಬಲೇ ನಿಂದು?" ನಯಾಜ ಹಲ್ಲು ಕಡಿದ.

"ಖರೇ ಹೇಳ್ತೇನ್ರಿ, ನಾ ಹೊಡ್ಯಾಕತ್ತಿಲ್ರಿ. ಯಾರೋ ನನ್ನ ಬೆರಳ ಹಿಡದು ಹೊಡಸಾಕತ್ತಾರ್ರಿ," ಎಂದ ಗುಡ್ಡಪ್ಪ.

ಗೆಲ್ಲಲು ಅವನಿಗೆ ಇನ್ನೊಂದೇ ಕರಿ ಕಾಯಿನ್ ಉಳಿದಿತ್ತು. ನಯಾಜನಿಗೆ ತಡೆಯಲಾಗಲಿಲ್ಲ. ಇದ್ದ ಒಂದೇ ಸ್ಟ್ರೈಕರನ್ನು ಮುಷ್ಟಿಯಲ್ಲಿ ಹಿಡಿದು ಗುಡ್ಡಪ್ಪನ ಬೆರಳುಗಳನ್ನು ಜಜ್ಜಿದ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಆದರೂ ಬಿಡದೆ ಜಜ್ಜಿದ. ಬಿಳಿ ಪೌಡರಿನ ಮೇಲೆ ರಕ್ತ ಸಿಡಿಯಿತು. ಜನ ನುಗ್ಗಿ ಇಬ್ಬರನ್ನೂ ಗೋಡೆಯವರೆಗೆ ಎಳೆದೊಯ್ದರು.

ಆಗ, ಯಾರೂ ಇಲ್ಲದ ಬೋರ್ಡಿನ ಮೇಲೆ ಟಕ್ ಎಂದು ಸದ್ದಾಯಿತು. ಕರಿ ಕಾಯಿನ್ ರಕ್ತದಲ್ಲಿ ಗೆರೆ ಎಳೆಯುತ್ತ ಜಾರಿ ಪಾಕೆಟ್ಟಿಗೆ ಬಿತ್ತು.

"ಯಾರಲೇ ಅದು, ಸ್ಟ್ರೈಕರ್ ಹೊಡದಾಂವ?" ಅಂಪೈರ್ ಇಸ್ಮಾಯಿಲಸಾಬರು ಕೂಗಿದರು.

ನಯಾಜ ಮುಷ್ಟಿ ಬಿಚ್ಚಿದ. ಸ್ಟ್ರೈಕರ್ ಅವನ ಅಂಗೈಯಲ್ಲೇ ಇತ್ತು.