ಅರ್ಧ ಆ ಕಡೆ, ಅರ್ಧ ಈ ಕಡೆ

"ಮತ್ತೆ ಕ್ಲೋಸ್ ಆಯ್ತು" ಎಂದಳು ಬುಗುರಿ.

ಲ್ಯಾಪ್‌ಟಾಪಿನ ಪರದೆಯ ಮೇಲೆ, ಸಿನಿಮಾ ಎಷ್ಟು ಸೇವ್ ಆಯಿತೆಂದು ತೋರಿಸುವ ಹಸಿರು ಗೆರೆ ಬಸವನಹುಳುವಿನಂತೆ ತೆವಳುತ್ತ ಅರ್ಧ ದಾರಿಗೆ ಬಂದಿತ್ತು. ಅಷ್ಟರಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಹೇಳದೆ ಕೇಳದೆ ಮಾಯ. ಬೆಳಗ್ಗೆಯಿಂದ ಇದು ಆರನೆಯ ಸಲ.

ಅವಳನ್ನು ಮನೆಯಲ್ಲೂ ಶಾಲೆಯಲ್ಲೂ ಬುಗುರಿ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರದವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಆದರೆ ಇವತ್ತು ರಜೆಯ ದಿನವಾದರೂ ಒಂಬತ್ತು ಗಂಟೆಯಿಂದ ಚಿಕ್ಕಮ್ಮನ ಅಂಗಡಿಯ ಸ್ಟೂಲಿಗೆ ಅಂಟಿಕೊಂಡಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಚಿಕ್ಕಮ್ಮ ಅಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದಳು.

ನಾಳೆ ಶಾಲೆಯಲ್ಲಿ ಬಸ್ ಮಾಮನಿಗೆ ಬೀಳ್ಕೊಡುಗೆ. ಇಪ್ಪತ್ತಾರು ವರ್ಷ ಶಾಲೆಯ ಬಸ್ ಓಡಿಸಿದವರು ಅವರು. ಅವರ ಬಗ್ಗೆ ಆರು ನಿಮಿಷದ ಒಂದು ಸಿನಿಮಾ ಮಾಡುತ್ತೇವೆಂದು ಐದನೇ ಕ್ಲಾಸಿನವರು ಟೀಚರಿಗೆ ದುಂಬಾಲು ಬಿದ್ದಿದ್ದರು. "ಎಡಿಟಿಂಗ್ ನಂಗೆ ಬಿಡಿ" ಎಂದು ಬೆಂಚಿನ ಮೇಲೆ ನಿಂತು ಹೇಳಿದವಳು ಬುಗುರಿ. ಸಂಜೆ ನಾಲ್ಕರೊಳಗೆ ಕಳಿಸಬೇಕು, ಆಗದಿದ್ದರೆ ನಾಲ್ಕು ಫೋಟೋ ತೋರಿಸಿ ಮುಗಿಸೋಣ ಎಂದು ಟೀಚರ್ ಹೇಳಿದ್ದರು. ಈಗ ಗಂಟೆ ಒಂದು.

ಅವಳು ಮಾಡದ ಕಸರತ್ತಿರಲಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಳು. ಪರದೆಯ ಮೇಲಿನ ಬೇರೆಲ್ಲ ಕಿಟಕಿ ಮುಚ್ಚಿದಳು. ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಿದಳು. ಕೊನೆಗೆ ಅದಕ್ಕೆ ಬಾಯ್ತುಂಬ ಬೈದಳು.

"ಬೈದ್ರೆ ಮೆಷಿನ್ ರಿಪೇರಿ ಆಗೋದಾಗಿದ್ರೆ ನನ್ನ ಅಂಗಡಿಗೆ ಯಾವತ್ತೋ ಬೀಗ ಬೀಳ್ತಿತ್ತು" ಎಂದಳು ಚಿಕ್ಕಮ್ಮ, ಬಿಚ್ಚಿಟ್ಟ ಮೆಷಿನ್ನಿನಿಂದ ತಲೆ ಎತ್ತದೆ.

ಆರನೆಯ ಸಲ ಕ್ಲೋಸ್ ಆದಾಗ ಬುಗುರಿಗೆ ಥಟ್ಟನೆ ಕಾರಣ ಹೊಳೆಯಿತು. ಜಿರಾಫೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದದ ಹುಡುಗ. ಅವನೊಬ್ಬ ಮಾತ್ರ ತಾತನ ಹಳೇ ಫೋನಿನಲ್ಲಿ ಶೂಟ್ ಮಾಡಿದ್ದ. ಫೋನಿನ ಗಾಜು ಬೇರೆ ಒಡೆದಿತ್ತು. ಅವನ ಕ್ಲಿಪ್‌ಗಳೇ ಎಲ್ಲ ಕೆಡಿಸುತ್ತಿವೆ ಎಂದು ಅವಳು ಕ್ಲಾಸ್ ಗ್ರೂಪಿಗೆ ಮೆಸೇಜ್ ಹಾಕಿಬಿಟ್ಟಳು. ಆಮೇಲೆ ಅವನಿಗೂ ಫೋನ್ ಮಾಡಿ, ಅವನ ಕ್ಲಿಪ್‌ಗಳನ್ನು ತೆಗೆಯುತ್ತೇನೆಂದು ಹೇಳಿದಳು.

"ಎಲ್ಲಾನೂ ತೆಗಿತೀಯಾ? ಬಸ್ ತೊಳಿಯೋದೂನಾ?"

"ಎಲ್ಲಾನೂ."

"ಸರಿ" ಎಂದು ಅವನು ಫೋನ್ ಇಟ್ಟ.

ಬಸ್ ಮಾಮ ನಸುಕಿನಲ್ಲಿ ಬಸ್ ತೊಳೆಯುವುದನ್ನು ಹಿಡಿಯಲು ಅವನು ಐದು ಗಂಟೆಗೇ ಎದ್ದು ಶೆಡ್ಡಿಗೆ ಹೋಗಿದ್ದ. ಅದು ಬುಗುರಿಗೆ ಗೊತ್ತಿತ್ತು. ಆದರೂ ಬೆರಳು ಡಿಲೀಟ್ ಬಟನ್ನಿನ ಮೇಲೆ ಹೋಯಿತು.

"ಆ ಹುಡುಗನ ಕ್ಲಿಪ್ಪೇ ಕಾರಣ ಅಂತ ಹೇಗೆ ಗೊತ್ತಾಯ್ತು?" ಚಿಕ್ಕಮ್ಮ ಕೇಳಿದಳು.

"ಹಳೇ ಫೋನು, ಚಿಕ್ಕಮ್ಮ."

"ಅದು ಅನುಮಾನ. ಗೊತ್ತಾಗಿದ್ದು ಹೇಗೆ ಅಂತ ಕೇಳಿದೆ."

ಬುಗುರಿಯ ಬೆರಳು ಹಿಂದೆ ಬಂತು.

ಚಿಕ್ಕಮ್ಮ ತನ್ನ ಮುಂದಿದ್ದ ಮೆಷಿನ್ ತೋರಿಸಿದಳು. ಪಕ್ಕದ ರಸ್ತೆಯ ಟೈಲರಮ್ಮನದು. ಹೊಲಿಯುವಾಗ ದಾರ ಪಟಪಟ ಹರಿಯುತ್ತದೆಂದು ಅವರು ಮೂರು ದಾರದುಂಡೆ ಬದಲಾಯಿಸಿ, ದಾರದ ಅಂಗಡಿಯವನ ಜೊತೆ ಜಗಳವನ್ನೂ ಆಡಿ ಬಂದಿದ್ದರು.

"ಇದರಲ್ಲಿ ಮೇಲಿನ ದಾರದ ದಾರಿ ಒಂದು, ಕೆಳಗೆ ಬಾಬಿನ್ ದಾರದ ದಾರಿ ಒಂದು. ಮೊದಲು ತೊಂದರೆ ಯಾವ ಕಡೆ ಇದೆ ನೋಡ್ತೀನಿ. ಕೆಳಗೆ ಸರಿಯಿದ್ರೆ ಕೆಳಗಿನದನ್ನ ಮರೆತುಬಿಡ್ತೀನಿ. ಮೇಲಿನದನ್ನ ಮತ್ತೆ ಅರ್ಧ ಮಾಡ್ತೀನಿ. ಹಾಗೆ ಅರ್ಧ ಅರ್ಧ ಮಾಡ್ತಾ ಹೋದ್ರೆ ಕಳ್ಳ ಎಲ್ಲಿ ಅವಿತುಕೊಳ್ತಾನೆ ಹೇಳು?"

ಮತ್ತೆ ಮೆಷಿನ್ನಿಗೆ ತಲೆ ಬಗ್ಗಿಸುವ ಮೊದಲು ಒಂದು ಮಾತು ಸೇರಿಸಿದಳು. "ಮೊದಲು ಒಂದು ಕಾಪಿ ಇಟ್ಕೋ. ಬಿಚ್ಚಿದ್ದನ್ನ ಇದ್ದ ಹಾಗೇ ಜೋಡಿಸೋಕೆ ಬರ್ಬೇಕು."

ಬುಗುರಿ ಕಾಪಿ ಮಾಡಿಟ್ಟಳು. ನೋಟ್‌ಬುಕ್ ತೆರೆದು ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಂಖ್ಯೆ ಬರೆದಳು. ಸಿನಿಮಾದಲ್ಲಿ ಅಷ್ಟು ಕ್ಲಿಪ್‌ಗಳಿದ್ದವು. ಜಿರಾಫೆಯ ಏಳೂ ಮೊದಲ ಹನ್ನೆರಡರಲ್ಲೇ ಇದ್ದವು. ಕಳ್ಳ ಅಲ್ಲೇ ಸಿಗುತ್ತಾನೆಂದು ಆ ಹನ್ನೆರಡನ್ನು ಮಾತ್ರ ಉಳಿಸಿ ಸೇವ್ ಒತ್ತಿದಳು.

ಹಸಿರು ಗೆರೆ ಹೊರಟಿತು. ಅರ್ಧ ದಾಟಿತು. ಮುಕ್ಕಾಲು ದಾಟಿತು. ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು.

ಏನೋ ಅದೃಷ್ಟ ಇರಬೇಕೆಂದು ಇನ್ನೊಮ್ಮೆ ಒತ್ತಿದಳು. ಮತ್ತೆ ಕೊನೆ ಮುಟ್ಟಿತು. ಹನ್ನೆರಡು ಸಂಖ್ಯೆಗಳ ಮುಂದೆ ರೈಟ್ ಗುರುತು ಹಾಕುವಾಗ ಅವಳ ಪೆನ್ನು ಯಾಕೋ ನಿಧಾನವಾಗಿ ಓಡಿತು.

ಉಳಿದ ಹನ್ನೆರಡನ್ನು ಹಾಕಿದಳು. ಸಾಫ್ಟ್‌ವೇರ್ ಮಾಯ. ಅದರಲ್ಲಿ ಅರ್ಧ, ಅಂದರೆ ಹದಿಮೂರರಿಂದ ಹದಿನೆಂಟು. ಮಾಯ. ಹದಿಮೂರರಿಂದ ಹದಿನೈದು. ಅದೂ ಮಾಯ. ಈಗ ಕ್ಲೋಸ್ ಆದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಪ್ರತಿ ಸಲವೂ ಕಳ್ಳನ ಹತ್ತಿರ ಒಂದು ಹೆಜ್ಜೆ ಹೋದಂತಿತ್ತು.

ಹದಿಮೂರು ಒಂದನ್ನೇ ಹಾಕಿದಳು. ಕೊನೆ ಮುಟ್ಟಿತು. ಹದಿನಾಲ್ಕು ಒಂದನ್ನೇ ಹಾಕಿದಳು. ಲ್ಯಾಪ್‌ಟಾಪಿನ ಫ್ಯಾನ್ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಸಾಫ್ಟ್‌ವೇರ್ ಮಾಯ.

ಹದಿನಾಲ್ಕು ಬುಗುರಿಯದು.

ಶಾಲೆಯ ಗೇಟಿನ ಬಳಿ, ಬಸ್ಸಿನ ಮುಂದೆ ನಿಂತು ಅವಳೇ ಮಾತಾಡಿದ ಇಪ್ಪತ್ತು ಸೆಕೆಂಡಿನ ಕ್ಲಿಪ್. ಅದನ್ನು ಅಲಂಕರಿಸಲು ಅವಳು ಎರಡು ಸಂಜೆ ಕೂತಿದ್ದಳು. ಮೇಲಿಂದ ಹೂವು ಬೀಳುತ್ತಿದ್ದವು. ಸುತ್ತ ನಕ್ಷತ್ರ ಮಿನುಗುತ್ತಿದ್ದವು. ಅಕ್ಷರಗಳಿಗೆ ಬೆಂಕಿ, ಕೂದಲಿಗೆ ಹೊಳಪು. ಎಣಿಸಿ ನೋಡಿದಳು. ಒಂದರ ಮೇಲೊಂದು ಹನ್ನೊಂದು ಎಫೆಕ್ಟ್. ಆ ಪುಟ್ಟ ಲ್ಯಾಪ್‌ಟಾಪಿಗೆ ಅಷ್ಟು ಭಾರ ಹೊರಲು ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಮೇಜಿನ ಆಚೆಯಿಂದ ಚಿಕ್ಕಮ್ಮ ನಕ್ಕಳು. ಟೈಲರಮ್ಮನ ಮೆಷಿನ್ನಿನ ಸೂಜಿ ಹಿಂದುಮುಂದಾಗಿ ಕೂತಿತ್ತು.

"ದಾರ ಬೈಸ್ಕೊಂಡಿದ್ದೇ ಬಂತು, ಪಾಪ."

"ಸೂಜಿ ಯಾರು ಹಾಕಿದ್ದು?" ಬುಗುರಿ ಕೇಳಿದಳು.

"ಟೈಲರಮ್ಮನೇ. ತಾನೇ ಹಾಕಿದ್ದಲ್ವಾ, ಅದನ್ನ ನೋಡ್ಬೇಕು ಅಂತ ಅನ್ನಿಸಿಲ್ಲ."

ಬುಗುರಿ ಹೂವು ತೆಗೆದಳು. ನಕ್ಷತ್ರ ತೆಗೆದಳು. ಒಂದೊಂದಾಗಿ ಹನ್ನೊಂದನ್ನೂ ತೆಗೆದು ಕ್ಲಿಪ್ ಓಡಿಸಿ ನೋಡಿದಳು.

ಆಗ ಅವಳ ಕಣ್ಣಿಗೆ ಬಿದ್ದದ್ದು ಬೇರೆಯೇ.

ಅವಳ ಹಿಂದೆ, ಬಸ್ಸಿನ ಮೆಟ್ಟಿಲ ಬಳಿ, ಬಸ್ ಮಾಮ ಮಣ್ಣಿನಲ್ಲಿ ಮೊಣಕಾಲೂರಿದ್ದರು. ಒಂದನೇ ಕ್ಲಾಸಿನ ಪುಟಾಣಿಯೊಬ್ಬನ ಶೂ ಲೇಸ್ ಕಟ್ಟುತ್ತಿದ್ದರು. ಬೀಳದಿರಲು ಆ ಪುಟಾಣಿ ಅವರ ತಲೆಯನ್ನೇ ಹಿಡಿದುಕೊಂಡಿದ್ದ. ಲೇಸ್ ಕಟ್ಟಿ ಮುಗಿಯಿತು. ಆದರೂ ಮಾಮ ಏಳಲಿಲ್ಲ. ಪುಟಾಣಿ ತಾನಾಗಿ ಕೈ ತೆಗೆಯುವವರೆಗೂ ತಲೆ ಬಗ್ಗಿಸಿಕೊಂಡೇ ಇದ್ದರು.

ಎರಡು ಸಂಜೆ ಇದೇ ಕ್ಲಿಪ್ಪನ್ನು ನೋಡಿದ್ದಳು. ಒಮ್ಮೆಯೂ ಇದು ಕಂಡಿರಲಿಲ್ಲ. ಸರಿಯಾಗಿ ಆ ಜಾಗದಲ್ಲೇ ಹೂವು ಬೀಳುತ್ತಿದ್ದವು.

ಗಂಟೆ ಮೂರಾಗಿತ್ತು. ಬುಗುರಿ ಮೊದಲು ಫೋನ್ ತೆಗೆದುಕೊಂಡಳು. ಮಧ್ಯಾಹ್ನ ಬರೆದ ಅದೇ ಗ್ರೂಪಿನಲ್ಲಿ, ಜಿರಾಫೆಯ ಕ್ಲಿಪ್‌ಗಳೆಲ್ಲ ಸರಿಯಾಗಿವೆ, ತಪ್ಪು ಹದಿನಾಲ್ಕನೆಯದರಲ್ಲಿತ್ತು, ಹದಿನಾಲ್ಕು ತನ್ನದು ಎಂದು ಬರೆದಳು. ಕಳಿಸುವಾಗ ಕಿವಿ ಬಿಸಿಯಾಯಿತು. ಆಮೇಲೆ ಅವನಿಗೆ ಫೋನ್ ಮಾಡಿದಳು.

"ನಿನ್ನದು ಒಂದೂ ತೆಗೆದಿಲ್ಲ ಕಣೋ. ನೋಡದೇನೇ ನಿನ್ನ ಮೇಲೆ ಹಾಕಿಬಿಟ್ಟೆ."

"ಬಸ್ ತೊಳಿಯೋದು ಇದ್ಯಾ?"

"ಸಿನಿಮಾ ಶುರುವಾಗೋದೇ ಅದರಿಂದ."

ಆ ಕಡೆ ಉಸಿರು ಬಿಟ್ಟ ಸದ್ದು ಕೇಳಿಸಿತು. ನಂತರ ನಗು. "ಹದಿನಾಲ್ಕು ಅಂದ್ರೆ, ಹೂವು ಬೀಳ್ತಿತ್ತಲ್ಲ, ಅದಾ?"

"ಅದೇ. ನಗಬೇಡ."

ಅವನು ಇನ್ನೂ ಜೋರಾಗಿ ನಕ್ಕ. ಅವಳೂ ನಕ್ಕಳು.

ಮತ್ತೆ ಸ್ಟೂಲಿಗೆ ಬಂದು ಹದಿನಾಲ್ಕನೆಯ ಕ್ಲಿಪ್ಪಿನ ಚೌಕಟ್ಟನ್ನು ಹಿಡಿದು ಎಡಕ್ಕೆ ಎಳೆದಳು. ಇನ್ನೂ ಸ್ವಲ್ಪ ಎಳೆದಳು. ಬಸ್ ಮಾಮ ನಡುವಿಗೆ ಬಂದರು. ತನ್ನ ಮಾತಿನ ಸದ್ದನ್ನು ಪೂರ್ತಿ ಇಳಿಸಿದಳು. ಸೇವ್ ಒತ್ತಿದಳು.

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತು, ಗೆರೆಯ ಮೇಲೆ ಓಡುತ್ತಿದ್ದ ಹದಿನಾಲ್ಕನೆಯ ಕ್ಲಿಪ್ ನೋಡಿದಳು.

"ಇದರಲ್ಲಿ ನೀನೆಲ್ಲಿ ಬುಗುರಿ?"

"ಇದ್ದೀನಲ್ಲ" ಎಂದು ಬುಗುರಿ ಪರದೆಯ ಅಂಚಿಗೆ ಬೆರಳಿಟ್ಟಳು. "ಅದೋ ನೋಡು, ನನ್ನ ಮೊಣಕೈ."

ಹಸಿರು ಗೆರೆ ಅರ್ಧ ದಾಟಿ ಮುಂದೆ ಹೋಗುತ್ತಿತ್ತು. ಬುಗುರಿ ಅದರ ಕಡೆ ನೋಡಲೇ ಇಲ್ಲ. ಆ ಪುಟ್ಟ ಕೈ ಮಾಮನ ತಲೆಯ ಮೇಲಿಂದ ಯಾವಾಗ ಇಳಿಯುತ್ತದೆಂದು, ಅವಳೂ ಅಲ್ಲಾಡದೆ ಕಾಯುತ್ತಿದ್ದಳು.