ಏಡಿಯ ಬೋನಿಗೆ ಕಟ್ಟಿದ ದಾರ

ಠಾಣೆಯಿಂದ ನಾನು ಹೋಗುವಷ್ಟರಲ್ಲಿ ಗಾಜಿನ ತೊಟ್ಟಿಯಲ್ಲಿ ಹವಳಗಳು ಸತ್ತು ಬೆಳ್ಳಗಾಗಿದ್ದವು. ಸೀಗಡಿಗಳು ಮಗುಚಿ ಬಿದ್ದಿದ್ದವು. ಮನೆಯೊಡತಿ ಒಂಬತ್ತು ವರ್ಷ ಉಪ್ಪುನೀರು ಬೆರೆಸಿ ಬೆಳೆಸಿದ ಹವಳ ಅದು. ಆಕೆ ಸ್ಟೂಲಿನ ಮೇಲೆ ಕೂತು ಗಾಜನ್ನೇ ನೋಡುತ್ತಿದ್ದರು.

ನನ್ನ ಪಿತ್ತ ನೆತ್ತಿಗೇರಿದ್ದು ತೊಟ್ಟಿ ನೋಡಿ ಅಲ್ಲ, ನೆಲ ನೋಡಿ. ಅಡುಗೆಯಾಕೆಯ ಚೀಲವನ್ನು ಅಲ್ಲಿ ಕೊಡವಿದ್ದರು. ಬಾಚಣಿಗೆ, ಛತ್ರಿ, ಟಿಫಿನ್ ಡಬ್ಬಿ, ಮಗಳ ಫೋಟೊ ಎಲ್ಲ ಚೆಲ್ಲಾಪಿಲ್ಲಿ. ಆಕೆ ಗೋಡೆಗೊರಗಿ ನಿಂತಿದ್ದರು. ಬಾಗಿಲಲ್ಲಿ ನೆರೆಹೊರೆಯವರ ಗುಂಪು.

“ಇವಳೇ ಮೇಡಂ,” ಎಂದ ಯಜಮಾನ. ಮೋಟಾರ್ ರಿಪೇರಿ ಅಂಗಡಿಯವನು, ದೂರು ಕೊಟ್ಟವನೂ ಅವನೇ. “ನೆಲ ಒರೆಸೋ ಲಿಕ್ವಿಡ್ ಸುರಿದಿದ್ದಾಳೆ. ಕೇಸ್ ಹಾಕಿ.”

“ಚೀಲದಲ್ಲಿ ಏನು ಸಿಕ್ತು?”

“ಏನೂ ಇಲ್ಲ. ಬಾಟ್ಲಿ ಎಲ್ಲೋ ಎಸೆದಿರ್ತಾಳೆ.”

ಅಡುಗೆಯಾಕೆಯತ್ತ ತಿರುಗಿದೆ. “ತೊಟ್ಟಿಗೆ ಕೈ ಹಾಕಿದ್ರಾ?”

“ದಿನಾ ಹಾಕ್ತೀನಿ ಮೇಡಂ. ಏಡಿ ಬೋನಲ್ಲಿ ಸೀಗಡಿ ಚೂರು ಇಡು ಅಂತ ಅಣ್ಣಾನೇ ಹೇಳಿದ್ರು.”

“ನೋಡಿದ್ರಾ? ಬಾಯಿಬಿಟ್ಲು!”

ಕಲ್ಲಿನ ಸಂದಿಯಲ್ಲಿ ಅಡಗಿ ಬಂದ ಏಡಿಯೊಂದು ಹವಳ ತಿನ್ನುತ್ತಿತ್ತಂತೆ. ಯಜಮಾನ ವಾರದ ಹಿಂದೆ ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ತಿರುವಿ ತೂರಿಸಿ ಬೋನು ಮಾಡಿ, ಭಾರಕ್ಕೆ ಕಲ್ಲು ಕಟ್ಟಿ ಮುಳುಗಿಸಿದ್ದ. ಏಡಿ ಒಳಗೇ ಇತ್ತು. ಅದೂ ಸತ್ತಿತ್ತು.

ಅಡುಗೆಮನೆಯಲ್ಲಿ ಲಿಕ್ವಿಡ್ ಬಾಟಲಿ ತಳ ಕಂಡಿತ್ತು. ಒಂದು ಕ್ಷಣ ನನಗೂ ಅನುಮಾನ ಬಂತು. ಆಗ ಕಿತ್ತಳೆ ಬಣ್ಣದ ಮೀನೊಂದು ಬಂದು ಗಾಜಿಗೆ ಮೂತಿ ಒತ್ತಿತು. ಎಣಿಸಿದೆ. ಐದು ಮೀನು, ಐದಕ್ಕೂ ಜೀವವಿತ್ತು.

* * *

ಹೊರಗೆ ಹೋಗಿ ಈ ಮನೆಗೆ ಮೀನಿನ ತೊಟ್ಟಿ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದೆ.

“ಲಿಕ್ವಿಡ್ ಸುರಿದ್ರೆ ಮೀನೂ ಸಾಯ್ತವೆ ಮೇಡಂ, ನೊರೆನೂ ಏಳುತ್ತೆ. ಮೀನು ಬದುಕಿ ಸೀಗಡಿ, ಹವಳ ಮಾತ್ರ ಸತ್ರೆ ಅದು ತಾಮ್ರ. ಉಪ್ಪುನೀರಲ್ಲಿ ತಾಮ್ರ ಕರಗಿ ವಿಷ ಆಗುತ್ತೆ. ಬೆಳಿಗ್ಗೆ ಆ ಮನೆ ಯಜಮಾನ್ರು ಫೋನ್ ಮಾಡಿ ಕೇಳಿದಾಗ್ಲೇ ಹೇಳಿದ್ನಲ್ಲ?”

“ಎಷ್ಟು ಹೊತ್ತಿಗೆ?”

“ಏಳಕ್ಕೆ. ನಾನಿನ್ನೂ ಶಟರ್ ಎತ್ತಿರ್ಲಿಲ್ಲ.”

ಠಾಣೆಗೆ ದೂರು ಬಂದದ್ದು ಎಂಟೂವರೆಗೆ.

* * *

ಬೋನನ್ನು ಎತ್ತಿ ಮೇಜಿನ ಮೇಲಿಟ್ಟೆ.

“ಬಾಟ್ಲಿಗೆ ಪಾಚಿ ಹಿಡಿದಿದೆ. ಕಲ್ಲಿಗೂ ಹಿಡಿದಿದೆ. ಎರಡನ್ನೂ ಸುತ್ತಿರೋ ನೈಲಾನ್ ದಾರ ಮಾತ್ರ ಹೊಸದು. ದಾರದ ಕೆಳಗಿನ ಈ ಹಸಿರು ಗೆರೆ ಏನು?”

“ಅದೂ ಪಾಚಿ…”

“ತಾಮ್ರದ ಕಿಲುಬು. ನಿಮ್ಮ ಟೂಲ್ ಬ್ಯಾಗ್ ತನ್ನಿ. ಕೊಡವಿ.”

ಅವನು ಅಲ್ಲಾಡಲಿಲ್ಲ. ನಾನೇ ಕೊಡವಿದೆ. ಸ್ಕ್ರೂಡ್ರೈವರ್, ಇಕ್ಕಳದ ಜೊತೆ ಹಸಿರುಗಟ್ಟಿದ ತಂತಿಯ ಸುರುಳಿ ಬಿತ್ತು. ಇನ್ನೂ ಒದ್ದೆಯಾಗಿತ್ತು.

“ಹಳೇ ಮೋಟಾರಿಂದ ಬಿಚ್ಚಿದ ತಂತಿ, ಕೈಗೆ ಸಿಕ್ತು, ಕಟ್ಟಿದ್ರಿ. ಅದು ಗೊತ್ತಿಲ್ದೆ ಆದ ತಪ್ಪು. ಏಳಕ್ಕೆ ಗೊತ್ತಾಯ್ತು. ತಂತಿ ಬಿಚ್ಚಿ ದಾರ ಕಟ್ಟಿದ್ರಿ. ಆಮೇಲೆ ಇವರ ಚೀಲ ಬೀದಿಯವರ ಮುಂದೆ ಸುರಿದ್ರಿ. ಇದು ತಪ್ಪಲ್ಲ ಕಣ್ರೀ, ನೀಚತನ! ಸುಳ್ಳು ದೂರಿಗೆ ಕೇಸ್ ಹಾಕ್ತೀನಿ, ನಿಮ್ಮ ಮೇಲೆ.”

“ತಪ್ಪಾಯ್ತು ಕಣೇ,” ಎಂದು ಹೆಂಡತಿಯ ಕಡೆ ನೋಡಿದ. “ನಿನ್ನ ಮುಂದೆ ಹೇಗೆ ಹೇಳ್ಲಿ ಅಂತ…”

“ನನಗಲ್ಲ,” ಎಂದರು ಆಕೆ. “ಹನ್ನೊಂದು ವರ್ಷ ಅನ್ನ ಹಾಕಿದವರು ಅಲ್ಲಿದ್ದಾರೆ. ಅಲ್ಲಿ ಹೇಳಿ.”

ಬಾಗಿಲಲ್ಲಿದ್ದವರನ್ನು ನಾನು ಬೇಕೆಂದೇ ಕಳಿಸಲಿಲ್ಲ. ಎಲ್ಲರೆದುರು ಅವನು ಮಂಡಿಯೂರಿ ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ತುಂಬಿದ. ಕ್ಷಮಿಸಿ ಎಂದ. ಬಾಗಿಲಲ್ಲಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ.

ಅಡುಗೆಯಾಕೆ ಚೀಲ ಇಸಿದುಕೊಂಡರು. ಅಲ್ಲೇ ನೆಲದ ಮೇಲೆ ಎಲ್ಲವನ್ನೂ ಮತ್ತೆ ಸುರಿದರು. ಡಬ್ಬಿ, ಛತ್ರಿ, ಬಾಚಣಿಗೆ ಎಲ್ಲ ತಮ್ಮ ಕೈಯಿಂದಲೇ ಒಳಗಿಟ್ಟರು. ಫೋಟೊವನ್ನು ಅಂಗೈಯಲ್ಲಿ ಒರೆಸಿ ಕೊನೆಗಿಟ್ಟರು.

“ನಾಳೆಯಿಂದ ಬರಲ್ಲ ಅಕ್ಕ,” ಎಂದು ಮನೆಯೊಡತಿಗೆ ಹೇಳಿ, ಗುಂಪಿನ ನಡುವೆಯೇ ನಡೆದುಹೋದರು. ಎಲ್ಲರೂ ದಾರಿ ಬಿಟ್ಟರು.