ಫಲಕದ ಹನ್ನೊಂದನೆಯ ಹೆಸರು

"ಎನಿಡ್... ಆ ಹೆಸರು ಕೆತ್ತಬೇಡ!"

ಬಾಗಿಲ ಕಡೆಯಿಂದ ಆ ದನಿ ಕೇಳಿದ್ದೇ ತಡ, ಎನಿಡಳ ಕೈಯಿಂದ ಉಳಿ ಜಾರಿ ಬಿತ್ತು.

ಲೂಥರ್! ಟೋಪಿ ಹಿಂಡುತ್ತಾ ನಿಂತಿದ್ದಾನೆ. ಅವಳ ಮುಂದಿನ ಹಿತ್ತಾಳೆ ಫಲಕದಲ್ಲಿ, ಸತ್ತವರ ಸಾಲಿನ ಕೊನೆಗೆ, ಅವನದೇ ಹೆಸರಿನ ಮೊದಲಕ್ಷರ ಆಗಷ್ಟೇ ಮೂಡಿತ್ತು.

ಇಂಗ್ಲೆಂಡಿನ ಆ ಪುಟ್ಟ ಊರಿನಾಚೆ ಬೀಡುಬಿಟ್ಟಿದ್ದ ಅಮೆರಿಕನ್ ಸಾಗಣೆ ವಿಮಾನ ದಳಕ್ಕೆ ಯುದ್ಧಸೇವೆಯ ಪ್ರಶಸ್ತಿ ಬಂದಿತ್ತು. ಫಲಕ ಕೆತ್ತುವ ಕೆಲಸ ಎನಿಡಳ ಅಪ್ಪನ ಅಂಗಡಿಯದು. ಕೆಳಗೆ, ಮರಳಿ ಬಾರದ ಹನ್ನೊಂದು ಮಂದಿಯ ಹೆಸರು. ಬೆಳಿಗ್ಗೆ ಪಟ್ಟಿಯ ಕೊನೆಯಲ್ಲಿ, ಅದೇ ದಳದ ಲೂಥರ್‌ನ ಹೆಸರು ಓದಿದ್ದಳು.

ಆರು ವಾರದ ಹಿಂದಿನ ಭಾನುವಾರ ಅವನು ಊಟಕ್ಕೆ ಬಂದು ಅಪ್ಪನ ಹತ್ತಿರ ಮದುವೆಯ ಮಾತೆತ್ತಬೇಕಿತ್ತು. ರೇಷನ್ನಿನಲ್ಲಿ ಸಿಕ್ಕ ಮಾಂಸವನ್ನೆಲ್ಲ ಬೇಯಿಸಿಟ್ಟು ಕಾದಳು. ಬರಲೇ ಇಲ್ಲ. ಕೈಕೊಟ್ಟ ಎಂದು ವಾರಗಟ್ಟಲೆ ಶಪಿಸಿದಳು.

'ಅಯ್ಯೋ, ಸತ್ತವನನ್ನು ಬೈದೆನಲ್ಲಾ...' ಎಂದು ಬೆಳಗಿನಿಂದ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. ಈಗ ನೋಡಿದರೆ ಇವನು!

"ಬದುಕಿದ್ದೀಯಾ? ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?"

"ಇಲ್ಲೇ... ವಿಮಾನ ನಿಲ್ದಾಣದಲ್ಲೇ."

"ಮೂರೇ ಮೈಲಿ! ಒಂದು ಚೀಟಿ ಬರೆಯೋಕೆ ನಿನ್ನ ಕೈಗೇನು ಬಂದಿತ್ತು?"

ಅವನು ತಲೆ ತಗ್ಗಿಸಿದ.

"ಆ ಭಾನುವಾರ ಹಾರೋ ಸರದಿ ನಂದು. ನಿಮ್ಮನೆಗೆ ಬರಬೇಕು ಅಂತ ನನ್ನ ಗೆಳೆಯ ಡೆಲ್ಬರ್ಟ್ ಹತ್ರ ಬದಲಾಯಿಸ್ಕೊಂಡೆ. ನಾವೆಲ್ಲ ಹಾಗೇ ಮಾಡೋದು, ಸರದಿ ಹಾಳೇಲಿ ಹೆಸರು ತಿದ್ದೋರ್ಯಾರು? 'ಹೋಗಯ್ಯಾ ಮದುಮಗ, ಪೆಟ್ರೋಲ್ ಡಬ್ಬ ನಾನು ಇಳಿಸಿ ಬರ್ತೀನಿ' ಅಂದ. ನಿಮ್ಮ ಗೇಟಿನ ತನಕ ಬಂದಿದ್ದೆ, ಎನಿಡ್. ಅಷ್ಟರಲ್ಲಿ ನಮ್ಮ ಜೀಪು ಬಂತು... ವಿಮಾನ ಬಿತ್ತು ಅಂದ್ರು."

ಎನಿಡ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೊಸ ಗುಮಾಸ್ತ ಆ ಹಾಳೆ ನೋಡೇ ಪಟ್ಟಿ ಬರೆದಿದಾನೆ, ಇವತ್ತೇ ಗೊತ್ತಾಯ್ತು. ಅಲ್ಲಿ ಇರಬೇಕಾದ್ದು ಡೆಲ್ಬರ್ಟ್ ಹೆಸರು."

"ಅದಕ್ಕೆ ನನ್ನೂ ಬಿಟ್ಟುಬಿಟ್ಟೆಯಾ?"

"ಅವನ ಪ್ರಾಣ ಕೊಟ್ಟು ನಾನು ಊಟಕ್ಕೆ ಕೂರಲಾ?"

ಸಿಟ್ಟೆಲ್ಲ ಇಳಿದುಹೋಯಿತು. ಬಾ ಬಾ ಎಂದು ಕರೆದವಳು ನಾನೇ ಅಲ್ಲವೇ, ಎಂದುಕೊಂಡಳು.

ಉಳಿ ಎತ್ತಿಕೊಂಡು ಆ ಅಕ್ಷರವನ್ನು ಕೆರೆದು ತೆಗೆದಳು. ಫಲಕ ಅಲುಗದಂತೆ ಅವನು ಹಿಡಿದುಕೊಂಡ. ಡೆಲ್ಬರ್ಟ್‌ನ ಹೆಸರು ನಿಧಾನವಾಗಿ ಮೂಡಿತು.

"ಕೆರೆದಲ್ಲಿ ಸ್ವಲ್ಪ ತಗ್ಗು ಉಳೀತು," ಎಂದಳು.

ಅವನು ಅಲ್ಲಿ ಬೆರಳಾಡಿಸಿದ. "ಇರಲಿ ಬಿಡು. ನಾನಿರಬೇಕಾದ ಜಾಗ."

"ನಿನ್ನ ಜಾಗ ಅದಲ್ಲ!" ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀನಿಲ್ದೆ ನನಗಾಗಲ್ಲ ಕಣೋ. ಈ ಭಾನುವಾರ ಬಾ."

"ತುತ್ತು ಇಳಿಯಲ್ಲ, ಎನಿಡ್."

"ಇಳಿದಷ್ಟು ತಿನ್ನು. ಅಪ್ಪ, ನಾನು, ನೀನು... ನಾಲ್ಕು ತಟ್ಟೆ ಇಡ್ತೀನಿ."

ಆರು ವಾರದಲ್ಲಿ ಮೊದಲ ಸಲ ಲೂಥರ್ ಅತ್ತ. ಅಳುತ್ತಲೇ ಅವಳ ಭುಜಕ್ಕೆ ಹಣೆಯಾನಿಸಿದ.

"ಡೆಲ್ಬರ್ಟ್‌ಗೆ ಆಲೂಗಡ್ಡೆ ಜಾಸ್ತಿ ಹಾಕು... ಹೊಟ್ಟೆಬಾಕ ಅವನು."

"ಹಾಕ್ತೀನಿ ಕಣೋ."